ಉಸಿರಿನ ದುಡಿಮೆ: ಏಕಾಕಿ ಸ್ಯಾಕ್ಸೋಫೋನ್ ವಾದನವೂ ಬೆಳಗಾವಿ ಸೀಮೆಯ ಸುಷಿರವಾದ್ಯಗಳೂ

೧. ವಿಷಯಪ್ರವೇಶ

ಸಂಗೀತದ ಇತಿಹಾಸವನ್ನು ಬರೆಯುವವರು ರಾಗ, ತಾಳ, ಗುರುಪರಂಪರೆ, ರಾಜಾಶ್ರಯ ಎಂಬ ನಾಲ್ಕು ವಿಭಾಗಗಳಲ್ಲಿ ತಮ್ಮ ಸಾಮಗ್ರಿಯನ್ನು ಹಂಚಿಕೊಳ್ಳುವುದು ವಾಡಿಕೆ. ಈ ಕ್ರಮದಿಂದ ನಮಗೆ ಬಹಳಷ್ಟು ತಿಳಿವಳಿಕೆ ದೊರೆತಿದೆಯೆಂಬುದು ನಿರ್ವಿವಾದ. ಆದರೆ ನಾದವನ್ನು ಹುಟ್ಟಿಸುವ ದೇಹವು, ಎಂದರೆ ಎದೆ, ಹೊಟ್ಟೆ, ತುಟಿ, ಹಲ್ಲು, ಕೆನ್ನೆಗಳು, ಈ ವಿಭಾಗಗಳಲ್ಲಿ ಯಾವುದರೊಳಗೂ ಸೇರದೆ ಹೊರಗುಳಿದಿದೆ. ತಂತಿವಾದ್ಯದವನ ಬೆರಳನ್ನೂ ಚರ್ಮವಾದ್ಯದವನ ಅಂಗೈಯನ್ನೂ ನಾವು ಕಣ್ಣಾರೆ ಕಾಣುತ್ತೇವೆ. ಊದುವವನ ದುಡಿಮೆ ಮಾತ್ರ ಮೈಯೊಳಗೆ ನಡೆಯತಕ್ಕದ್ದು. ಆದುದರಿಂದ ಅದು ನೋಟಕ್ಕೂ ಲೇಖನಕ್ಕೂ ಸುಲಭವಾಗಿ ಸಿಕ್ಕುವುದಿಲ್ಲ.

ಊದುವವನ ದೇಹಶ್ರಮವು ಇತಿಹಾಸಕ್ಕೆ ಒಂದು ಆಧಾರವೆಂದೂ, ಆ ಶ್ರಮವನ್ನು ಸಮಾಜವು ಯಾವಾಗ ಗಮನಿಸಿತು, ಯಾವಾಗ ಗಮನಿಸದೆ ಬಿಟ್ಟಿತು ಎಂಬುದರಿಂದ ವಾದಕನ ಸ್ಥಾನಮಾನವು ಗೊತ್ತಾಗುತ್ತದೆಂದೂ ತೋರಿಸುವುದು ಪ್ರಕೃತ ಪ್ರಬಂಧದ ಉದ್ದೇಶ. ಇದಕ್ಕೆ ಮುಖ್ಯ ನಿದರ್ಶನವಾಗಿ ಏಕಾಕಿ ಸ್ಯಾಕ್ಸೋಫೋನ್ ವಾದನವನ್ನು ಆರಿಸಿಕೊಂಡಿದ್ದೇವೆ. ಪಕ್ಕದಲ್ಲಿ ಬೇರೆ ಸ್ವರವಾದ್ಯವಿಲ್ಲದೆ ಒಬ್ಬನೇ ಗಂಟೆಗಟ್ಟಲೆ ಊದುವಾಗ ದೇಹವು ಅಡಗಿಕೊಳ್ಳಲು ಎಡೆಯಿರುವುದಿಲ್ಲವೆಂಬುದೇ ಈ ಆಯ್ಕೆಗೆ ಕಾರಣ. ನಾವು ಈ ವಿಷಯವನ್ನು ನೋಡುವುದು ಬೆಳಗಾವಿ ಮತ್ತು ಖಾನಾಪುರದ ನೆಲದಿಂದ. ಆದುದರಿಂದ ಮೊದಲು ಈ ಸೀಮೆಯ ಸುಷಿರವಾದ್ಯಗಳನ್ನು ಕುರಿತು ಎರಡು ಮಾತು ಹೇಳುವುದು ಅವಶ್ಯ.

೨. ಶಾಸನಗಳ ಘೋಷ

ಬೆಳಗಾವಿಯ ಪ್ರಾಚೀನ ನಾಮ ವೇಣುಗ್ರಾಮವೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ಸುವಿದಿತ. ವೇಣುವೆಂದರೆ ಬಿದಿರು, ಬಿದಿರಿನಿಂದ ಕೊಳಲು. ಆದರೆ ಊರಿನ ಹೆಸರೊಂದರಿಂದಲೇ ವಾದ್ಯಪರಂಪರೆಯನ್ನು ಊಹಿಸುವುದು ವಿವೇಕವಲ್ಲ. ಬಿದಿರು ಬೆಳೆಯುವ ನಾಡಿಗೆ ಆ ಹೆಸರು ಸಹಜವಾಗಿಯೇ ಬರಬಹುದು. ಇದಕ್ಕಿಂತ ಗಟ್ಟಿಯಾದ ಆಧಾರ ಅರಸರ ಬಿರುದಾವಳಿಗಳಲ್ಲಿದೆ. ಸವದತ್ತಿಯಿಂದಲೂ ಅನಂತರ ವೇಣುಗ್ರಾಮದಿಂದಲೂ ಆಳಿದ ರಟ್ಟರು ತಮ್ಮನ್ನು 'ತ್ರಿವಳೀತೂರ್ಯನಿರ್ಘೋಷಣ'ರೆಂದು ಕರೆದುಕೊಂಡರು. ಖಾನಾಪುರ ತಾಲ್ಲೂಕಿನ ಹಲಸಿ, ಎಂದರೆ ಪ್ರಾಚೀನ ಪಲಾಶಿಕೆ, ಗೋವೆಯ ಕದಂಬರ ಮುಖ್ಯ ನೆಲೆಗಳಲ್ಲೊಂದಾಗಿತ್ತು. ಆ ಕದಂಬರು 'ಪೆರ್ಮಟ್ಟಿತೂರ್ಯನಿರ್ಘೋಷಣ'ರೆನಿಸಿಕೊಂಡರು. ಸಾಮಂತರಿಗೆ ಸಲ್ಲುತ್ತಿದ್ದ 'ಸಮಧಿಗತಪಂಚಮಹಾಶಬ್ದ' ಎಂಬ ವಿಶೇಷಣವೂ ಪ್ರಸಿದ್ಧವಾದುದೇ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಆ ಐದು ಮಹಾಶಬ್ದಗಳನ್ನು ಎಣಿಸಲಾಗಿದೆ. ಐದರಲ್ಲಿ ಎರಡು, ಎಂದರೆ ಕೊಂಬು ಮತ್ತು ಶಂಖ, ಉಸಿರಿನಿಂದ ನುಡಿಯತಕ್ಕವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಶಬ್ದವು ಅರಸನ ಸ್ವತ್ತಾಗಿ ಶಾಸನದಲ್ಲಿ ದಾಖಲಾಯಿತು. ಊದಿದವನು ಆ ಬಿರುದಿನಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಶಾಸ್ತ್ರಗ್ರಂಥಗಳ ರೀತಿ ಸ್ವಲ್ಪ ಬೇರೆ. ೧೩ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತರತ್ನಾಕರ'ದ ವಾದ್ಯಾಧ್ಯಾಯದಲ್ಲಿ ಕೊಳಲನ್ನು ವಿವರಿಸುವಾಗ ಫೂತ್ಕಾರದ, ಎಂದರೆ ಊದುವಿಕೆಯ, ಗುಣದೋಷಗಳನ್ನು ಬೇರೆಯಾಗಿಯೇ ವಿಚಾರಿಸಿದ್ದಾನೆ. ಉಸಿರೂ ಶಾಸ್ತ್ರದ ವಿಷಯವೆಂಬ ಅರಿವು ನಮ್ಮವರಿಗೆ ಇತ್ತೆಂಬುದಕ್ಕೆ ಇಷ್ಟು ಸಾಕು.

೩. ಸನಾದಿ ಮತ್ತು ಬ್ಯಾಂಡು

ಉತ್ತರ ಕರ್ನಾಟಕದ ಮದುವೆ, ಜಾತ್ರೆ, ಪಲ್ಲಕ್ಕಿ ಉತ್ಸವಗಳಲ್ಲಿ ಕೇಳಿಬರುವ ಸುಷಿರವಾದ್ಯ ಸನಾದಿ. ಹಿಂದೂಸ್ತಾನಿ ಸಂಗೀತದ ಶಹನಾಯಿಯೇ ಇಲ್ಲಿ ಸನಾದಿಯೆನಿಸಿದೆ. ಕರಡಿ ಮಜಲಿನಲ್ಲಿ ಕರಡಿ ಮತ್ತು ತಾಳಗಳ ಜೊತೆಗೆ ಸ್ವರವನ್ನು ಹೊರತಕ್ಕದ್ದೂ ಇದೇ. ಇದನ್ನು ನುಡಿಸುವ ಕಸುಬು ಬಹುಮಟ್ಟಿಗೆ ಕೊರಮ ಅಥವಾ ಭಜಂತ್ರಿ ಮನೆತನಗಳಿಗೆ ಸೇರಿ ಬಂದಿದೆ. ಮದುವೆಯ ವಾದ್ಯದವರನ್ನು ಮರಾಠಿಯಲ್ಲಿ ವಾಜಂತ್ರಿಗಳೆನ್ನುತ್ತಾರೆ. ಕನ್ನಡ ಮರಾಠಿಗಳೆರಡೂ ನೆಲೆಸಿರುವ ಬೆಳಗಾವಿ ಖಾನಾಪುರಗಳಲ್ಲಿ ಈ ಎರಡು ಶಬ್ದಗಳ ನಂಟನ್ನು ವಿವರಿಸಬೇಕಾಗಿಲ್ಲ. ಕಸುಬೇ ಕುಲದ ಹೆಸರಾಯಿತೆಂಬುದಕ್ಕೆ ಇದೊಂದು ಸ್ಪಷ್ಟ ನಿದರ್ಶನ.

ಸನಾದಿಯ ವಾದಕರು ತಲೆಮಾರುಗಳಿಂದ ಸಾಧಿಸಿಕೊಂಡು ಬಂದ ಒಂದು ವಿದ್ಯೆಯನ್ನು ಇಲ್ಲಿ ಹೇಳಬೇಕು. ಬಾಯಲ್ಲಿರುವ ಗಾಳಿಯನ್ನು ಕೆನ್ನೆಗಳಲ್ಲಿ ತುಂಬಿಟ್ಟು, ಆ ಕೆನ್ನೆಗಳನ್ನು ಅದುಮಿ ವಾದ್ಯಕ್ಕೆ ಊಡಿಸುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರನ್ನು ಎಳೆದುಕೊಳ್ಳುವುದು ಆ ವಿದ್ಯೆ. ಇದರಿಂದ ನಾದವು ಎಲ್ಲಿಯೂ ಕಡಿಯದೆ ನಡೆಯುತ್ತದೆ. ಹಾವಾಡಿಗನ ಪುಂಗಿಯೂ ಇದನ್ನೇ ಅವಲಂಬಿಸಿದೆ. ಇದನ್ನು ನಾವು ಎಡೆಬಿಡದ ಊದುವಿಕೆ ಎಂದು ಕರೆಯೋಣ. ಮುಂದೆ ಈ ಮಾತು ಮತ್ತೆ ಬರಲಿದೆ.

೧೮೧೮ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ವಶವಾದ ತರುವಾಯ ಇಲ್ಲಿ ದಂಡಿನ ಪ್ರದೇಶ ಬೆಳೆಯಿತು. ೧೯೨೨ರಿಂದ ಈ ಊರು ಮರಾಠಾ ಪದಾತಿದಳದ ತರಬೇತಿಯ ಕೇಂದ್ರವಾಗಿದೆ. ದಂಡಿರುವಲ್ಲಿ ಬ್ಯಾಂಡು ಇರತಕ್ಕದ್ದೇ. ಭಾರತದ ನಗರಗಳಲ್ಲಿ ಮದುವೆಯ ಮೆರವಣಿಗೆಗೆ ಬರುವ ಬ್ಯಾಂಡುಗಳೆಲ್ಲ ಸೈನ್ಯದ ಬ್ಯಾಂಡುಗಳ ಮಾದರಿಯಿಂದ ಹುಟ್ಟಿದವು; ಸಮವಸ್ತ್ರವೂ ಹಿತ್ತಾಳೆಯ ಹೊಳಪೂ ಆ ಮೂಲವನ್ನು ಇಂದಿಗೂ ಸಾರುತ್ತವೆ. ಹೀಗೆ ಸನಾದಿಯೂ ಬ್ಯಾಂಡೂ ಒಂದೇ ಮದುವೆಯ ಎರಡು ತುದಿಗಳಲ್ಲಿ ನಿಂತವು. ಎರಡು ಕಡೆಯಲ್ಲಿಯೂ ಊದುವವನ ಸ್ಥಾನ ಮಂಟಪದ ಹೊರಗೆ. ಅವನ ನಾದವಿಲ್ಲದೆ ಮುಹೂರ್ತವಿಲ್ಲ, ಆದರೆ ಅವನ ಕಡೆ ಯಾರೂ ಮುಖ ಮಾಡಿ ಕುಳಿತು ಕೇಳುವುದಿಲ್ಲ.

೪. ವಾದ್ಯದ ರಚನೆಯೂ ಮೈಯ ಶ್ರಮವೂ

ಸ್ಯಾಕ್ಸೋಫೋನು ಈ ಬ್ಯಾಂಡುಗಳ ಬಳಗದಿಂದ ಬಂದ ವಾದ್ಯ. ಬೆಲ್ಜಿಯಂ ದೇಶದ ದಿನಾಂಟ್ ಎಂಬಲ್ಲಿ ೧೮೧೪ರಲ್ಲಿ ಹುಟ್ಟಿದ ಆಡಾಲ್ಫ್ ಸ್ಯಾಕ್ಸನು ಪ್ಯಾರಿಸಿನಲ್ಲಿದ್ದು ಇದನ್ನು ರೂಪಿಸಿ, ೧೮೪೬ರಲ್ಲಿ ಹಕ್ಕುಪತ್ರವನ್ನು ಪಡೆದನು. ಬಯಲಿನಲ್ಲಿ ನಡೆಯುವ ದಂಡಿನ ವಾದ್ಯಮೇಳಕ್ಕೆ ಗಟ್ಟಿಯಾದ, ಆದರೆ ಮೃದುತ್ವವನ್ನು ಕಳೆದುಕೊಳ್ಳದ ನಾದ ಬೇಕಾಗಿತ್ತು. ಫ್ರೆಂಚ್ ಸೈನ್ಯದ ಬ್ಯಾಂಡುಗಳು ಇದನ್ನು ಮೊದಲು ಬರಮಾಡಿಕೊಂಡವು.

ಇದರ ಮೈ ಹಿತ್ತಾಳೆಯದು. ಆದರೆ ನಾದ ಹುಟ್ಟುವುದು ಬಾಯಿಗಿಡುವ ಭಾಗಕ್ಕೆ ಬಿಗಿದ, ಜೊಂಡಿನಿಂದ ಕೊರೆದ ಒಂಟಿ ರೀಡಿನಿಂದ. ವಾದಕನು ಮೇಲಿನ ಹಲ್ಲುಗಳನ್ನು ಬಾಯ್ಭಾಗದ ಮೇಲೆ ಊರಿ, ಕೆಳತುಟಿಯನ್ನು ಕೆಳಹಲ್ಲಿನ ಮೇಲೆ ಮಡಿಸಿ, ಅದರ ಮೇಲೆ ರೀಡನ್ನು ಆನಿಸಿಕೊಳ್ಳುತ್ತಾನೆ. ಹೀಗಾಗಿ ದೀರ್ಘಕಾಲ ನುಡಿಸುವವನ ಕೆಳತುಟಿಯ ಒಳಮೈ ತನ್ನದೇ ಹಲ್ಲಿನಿಂದ ನೋಯುತ್ತದೆ. ಗಾಳಿಯನ್ನು ತಳ್ಳತಕ್ಕದ್ದು ಪಕ್ಕೆಲುಬುಗಳ ನಡುವಣ ಹಾಗೂ ಹೊಟ್ಟೆಯ ಸ್ನಾಯುಗಳು; ಅದನ್ನು ಹದವರಿತು ತಡೆಯುವುದರಲ್ಲಿ ವಪೆಗೂ ಪಾಲುಂಟು. ಉಸಿರನ್ನು ಬಿಡುವುದಕ್ಕಿಂತ ಬಿಡುವ ವೇಗವನ್ನು ಆಳುವುದೇ ಹೆಚ್ಚು ಕಷ್ಟದ ಕೆಲಸ.

ಸನಾದಿಯೊಡನೆ ಇದನ್ನು ಹೋಲಿಸಿದರೆ ಒಂದು ವ್ಯತ್ಯಾಸ ಎದ್ದು ತೋರುತ್ತದೆ. ಸನಾದಿಯ ರೀಡು ಚಿಕ್ಕದು, ಅದರ ಕಂಡಿ ಕಿರಿದು. ಅದಕ್ಕೆ ಒತ್ತಡ ಹೆಚ್ಚು ಬೇಕು, ಗಾಳಿ ಕಡಿಮೆ ಸಾಕು. ಆದುದರಿಂದ ಕೆನ್ನೆಯಲ್ಲಿ ತುಂಬಿಟ್ಟ ಅಲ್ಪ ಗಾಳಿಯೂ ಹೊಸ ಉಸಿರು ಬರುವವರೆಗೆ ಸಾಗುತ್ತದೆ. ಸ್ಯಾಕ್ಸೋಫೋನಿನ ಬಾಯಿ ಅಗಲವಾದುದು. ಕೆನ್ನೆಯ ಗಾಳಿ ಅದರಲ್ಲಿ ಕ್ಷಣಮಾತ್ರದಲ್ಲಿ ತೀರಿಹೋಗುತ್ತದೆ. ಆದುದರಿಂದ ಎಡೆಬಿಡದ ಊದುವಿಕೆ ಸ್ಯಾಕ್ಸೋಫೋನಿನಲ್ಲಿ ಸಾಧ್ಯವಾದರೂ ಬಹು ದುಸ್ಸಾಧ್ಯ. ಪಾಶ್ಚಾತ್ಯ ರಸಿಕರು ಬೆರಗಿನಿಂದ ನೋಡಿದ ಈ ಸಾಹಸದ ಮೂಲತತ್ತ್ವವು ನಮ್ಮ ಹಳ್ಳಿಯ ಮದುವೆಗಳಲ್ಲಿ ಯಾರ ಬೆರಗೂ ಇಲ್ಲದೆ ನಡೆದುಬಂದಿದೆಯೆಂಬುದನ್ನು ಇಲ್ಲಿಯೇ ಸೂಚಿಸಿ ಮುಂದುವರಿಯೋಣ.

೫. ಪಾಶ್ಚಾತ್ಯರ ಏಕಾಕಿ ಪ್ರಯೋಗಗಳು

ಅಮೆರಿಕದ ಜಾಝ್ ಸಂಗೀತದಲ್ಲಿ ಸ್ಯಾಕ್ಸೋಫೋನಿಗೆ ಅಗ್ರಸ್ಥಾನ ದೊರೆತರೂ ಅದು ಬಹುಕಾಲ ಮೇಳದೊಳಗಿನ ವಾದ್ಯವಾಗಿಯೇ ಉಳಿಯಿತು. ಕೋಲ್ಮನ್ ಹಾಕಿನ್ಸ್ ೧೯೪೮ರಲ್ಲಿ ಯಾವ ಪಕ್ಕವಾದ್ಯವೂ ಇಲ್ಲದೆ ನುಡಿಸಿದ 'ಪಿಕಾಸೊ' ಎಂಬ ಕಿರುಮುದ್ರಿಕೆಯಿಂದ ಏಕಾಕಿ ವಾದನದ ದಾರಿ ತೆರೆಯಿತೆನ್ನಬಹುದು. ಆಂಥನಿ ಬ್ರಾಕ್ಸ್‌ಟನ್ ೧೯೬೯ರಲ್ಲಿ ಮುದ್ರಿಸಿ ೧೯೭೧ರಲ್ಲಿ ಹೊರತಂದ 'ಫಾರ್ ಆಲ್ಟೊ' ಎರಡು ತಟ್ಟೆಗಳ ತುಂಬ ಒಂದೇ ವಾದ್ಯವನ್ನು ಕೇಳಿಸಿತು. ಇಂಗ್ಲೆಂಡಿನ ಇವಾನ್ ಪಾರ್ಕರ್ ೧೯೭೫ರಿಂದೀಚೆಗೆ ಏಕಾಕಿ ಕಛೇರಿಗಳಲ್ಲಿ ಎಡೆಬಿಡದ ಊದುವಿಕೆಯನ್ನು ಮೂಲಸಾಧನವಾಗಿ ಮಾಡಿಕೊಂಡು, ನಾಲಗೆ ಮತ್ತು ಬೆರಳುಗಳನ್ನು ಬೇರೆಬೇರೆ ಗತಿಯಲ್ಲಿ ನಡೆಯಿಸಿ, ಒಂದೇ ವಾದ್ಯದಿಂದ ಎರಡು ಮೂರು ಧಾರೆಗಳು ಏಕಕಾಲದಲ್ಲಿ ಹರಿಯುವಂತೆ ಕೇಳಿಸಿದರು.

ಇವರ ಪ್ರಯೋಗವು ಕೇವಲ ಸ್ವರಗಳ ಜೋಡಣೆಗೆ ಸಂಬಂಧಿಸಿದುದಲ್ಲ. ರೀಡನ್ನು ಮಿತಿಮೀರಿದ ಬಲದಿಂದ ಊದಿ ಮೇಲಿನ ಉಪಸ್ವರಗಳನ್ನು ಒಡೆಯಿಸುವುದು, ಅಸಾಮಾನ್ಯವಾದ ಬೆರಳಿನ ಹಿಡಿತದಿಂದ ಎರಡು ಸ್ವರಗಳನ್ನು ಒಟ್ಟಿಗೆ ಹೊರಡಿಸುವುದು, ಊದುತ್ತಲೇ ಗಂಟಲಿನಿಂದ ಗುಡುಗುವುದು, ಕೀಲಿಗಳ ಟಕಟಕ ಸದ್ದನ್ನೂ ಉಸಿರಿನ ಭುಸುಗುಟ್ಟುವಿಕೆಯನ್ನೂ ಮರೆಸದೆ ಸಂಗೀತದಲ್ಲಿ ಸೇರಿಸಿಕೊಳ್ಳುವುದು, ಇವೆಲ್ಲ ದೇಹವನ್ನೇ ಕೃತಿಯ ವಸ್ತುವಾಗಿ ಮಾಡುವ ವಿಧಾನಗಳು. ೧೯೭೬ರಲ್ಲಿ ಸ್ವಿಟ್ಜರ್ಲೆಂಡಿನ ವಿಲಿಸೌ ಎಂಬಲ್ಲಿ ರಾಸ್ಕೋ ಮಿಚೆಲ್ ಒಬ್ಬರೇ ನಿಂತು ನುಡಿಸಿದಾಗ ಸಭಿಕರು ಪ್ರತಿಭಟಿಸಿದರು; ವಾದಕರು ಒಂದೇ ಕರ್ಕಶವಾದ ಸ್ವರಖಂಡವನ್ನು ನಿಮಿಷಗಟ್ಟಲೆ ಮರುಮರಳಿ ಊದಿ ಆ ಸಭೆಯನ್ನು ಎದುರಿಸಿದರು. ಅಲ್ಲಿ ವಾದವಿವಾದಕ್ಕೆ ನಿಂತದ್ದು ಉಸಿರೇ.

ಜಪಾನಿನ ಕಾವೋರು ಆಬೆಯ ನಿದರ್ಶನ ಇನ್ನೂ ತೀಕ್ಷ್ಣವಾದುದು. ೧೯೪೯ರಲ್ಲಿ ಹುಟ್ಟಿದ ಈತನು ಆಲ್ಟೊ ಸ್ಯಾಕ್ಸೋಫೋನನ್ನು ಒಬ್ಬನೇ ಅತಿವೇಗವಾಗಿ, ಚೀರಾಟದ ಅಂಚಿನಲ್ಲಿ ನುಡಿಸಿ, ೧೯೭೮ರಲ್ಲಿ ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಕೊಂಡನು. ಅದೇ ೧೯೪೯ರಲ್ಲಿ ನಮ್ಮ ನಾಡಿನಲ್ಲಿಯೂ ಒಬ್ಬ ಆಲ್ಟೊ ಸ್ಯಾಕ್ಸೋಫೋನ್ ವಾದಕರು ಜನಿಸಿದರು. ಅವರ ದಾರಿ ಸಂಪೂರ್ಣ ಬೇರೆಯಾಯಿತು.

೬. ಕದ್ರಿ ಗೋಪಾಲನಾಥರ ಪ್ರಯೋಗ

ಕದ್ರಿ ಗೋಪಾಲನಾಥರು ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನವರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಬಾಲ್ಯದಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಗೋಪಾಲನಾಥರು ಅದಕ್ಕೆ ಮನಸೋತರು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ ಅನಂತರ ಮದರಾಸಿನ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಶಿಕ್ಷಣ ಪಡೆದು, ದೀರ್ಘ ಸಾಧನೆಯಿಂದ ಈ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಲಿಸಿಕೊಂಡರು.

ಈ ಸಾಧನೆಯ ಕಷ್ಟವೇನೆಂಬುದನ್ನು ವಾದ್ಯದ ರಚನೆಯಿಂದಲೇ ತಿಳಿಯಬೇಕು. ಕೊಳಲು, ನಾಗಸ್ವರ, ಸನಾದಿಗಳ ರಂಧ್ರಗಳು ತೆರೆದವು. ಬೆರಳನ್ನು ಅರ್ಧ ಸರಿಸಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಸ್ಯಾಕ್ಸೋಫೋನಿನ ರಂಧ್ರಗಳನ್ನು ಮುಚ್ಚುವುದು ಕೀಲಿಗಳಿಗೆ ಹೊಂದಿಸಿದ ಮುಚ್ಚಳಗಳು. ಸ್ವರಗಳು ಮೆಟ್ಟಿಲುಗಳಂತೆ ಬೇರೆಬೇರೆಯಾಗಿ ನಿಲ್ಲುವುದು ಇದರ ಸ್ವಭಾವ. ಕರ್ನಾಟಕ ಸಂಗೀತದ ಪ್ರಾಣವಾದ ಗಮಕಕ್ಕೆ ಬೇಕಾದುದು ಮೆಟ್ಟಿಲಲ್ಲ, ಇಳಿಜಾರು. ಬೆರಳಿಗೆ ಸಾಧ್ಯವಿಲ್ಲದ ಆ ಜಾರುವಿಕೆಯನ್ನು ತುಟಿಯ ಒತ್ತಡ, ಗಂಟಲಿನ ಹದ, ಉಸಿರಿನ ಏರಿಳಿತಗಳು ತುಂಬಿಕೊಡಬೇಕಾಯಿತು. ಗೋಪಾಲನಾಥರು ವಾದ್ಯದ ಕೆಲವು ಅಂಗಗಳನ್ನು ಮಾರ್ಪಡಿಸಿಕೊಂಡರಾದರೂ ಹೆಚ್ಚಿನ ಮಾರ್ಪಾಡು ನಡೆದುದು ಅವರ ಮೈಯಲ್ಲಿಯೇ ಎಂದರೆ ತಪ್ಪಾಗಲಾರದು.

ಆಸನದ ವಿಷಯವೂ ವಿಚಾರಯೋಗ್ಯ. ಬ್ಯಾಂಡಿನವನು ನಡೆಯುತ್ತ ಊದುತ್ತಾನೆ. ಜಾಝ್ ವಾದಕನು ನಿಂತು ಊದುತ್ತಾನೆ. ಗೋಪಾಲನಾಥರು ರೇಶಿಮೆಯ ಉಡುಪು ಧರಿಸಿ, ಪಿಟೀಲು ಮೃದಂಗಗಳ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತು ನುಡಿಸಿದರು. ಹೊಟ್ಟೆ ಮಡಿಸಿದ ಈ ಭಂಗಿ ಊದುವವನಿಗೆ ನಿಂತ ಭಂಗಿಯಷ್ಟು ಅನುಕೂಲವಲ್ಲ. ಆದರೂ ಕರ್ನಾಟಕ ಸಂಗೀತದ ವೇದಿಕೆಯ ಮರ್ಯಾದೆ ಆ ಭಂಗಿಯಲ್ಲಿದೆ. ಮೈಗೆ ಆದ ತೊಡಕನ್ನು ಒಪ್ಪಿಕೊಂಡು ಸ್ಥಾನವನ್ನು ಗಳಿಸಿಕೊಂಡ ಈ ಸಂಗತಿ ಸಾಮಾಜಿಕ ಇತಿಹಾಸದ ದೃಷ್ಟಿಯಿಂದ ಬಹು ಮುಖ್ಯವಾದುದೆಂದು ನಮ್ಮ ಅಭಿಪ್ರಾಯ. ಪಕ್ಕವಾದ್ಯಗಳಿದ್ದುದರಿಂದ ಇದು ಪಾರ್ಕರ್ ಮೊದಲಾದವರ ಅರ್ಥದಲ್ಲಿ ಏಕಾಕಿ ವಾದನವಲ್ಲ. ಆದರೆ ರಾಗಾಲಾಪನೆಯ ಹೊತ್ತಿನಲ್ಲಿ ತಾಳವಾದ್ಯ ಮೌನವಾಗಿರಲು, ಪ್ರಧಾನ ವಾದಕನ ಉಸಿರು ಒಂಟಿಯಾಗಿಯೇ ಸಭೆಯನ್ನು ಹಿಡಿಯಬೇಕು.

೧೯೮೦ರ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರೊಡನೆ ಕೂಡಿ ನುಡಿಸಿದರು. ೧೯೯೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ. ಬಿ. ಸಿ.ಯ ಪ್ರಾಮನೇಡ್ ಕಛೇರಿ ನಡೆಯಿತು. ಅದೇ ವರ್ಷ ತೆರೆಕಂಡ 'ಡ್ಯುಯೆಟ್' ಎಂಬ ತಮಿಳು ಚಿತ್ರ ಅವರ ನಾದವನ್ನು ಮನೆಮನೆಗೆ ಮುಟ್ಟಿಸಿತು. ೨೦೦೪ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಅಮೆರಿಕದಲ್ಲಿ ಬೆಳೆದ, ಕನ್ನಡನಾಡಿನ ಮೂಲದ ಸ್ಯಾಕ್ಸೋಫೋನ್ ವಾದಕ ರುದ್ರೇಶ ಮಹಾಂತಪ್ಪನವರಿಗೆ ಅವರ ಅಣ್ಣ ವಿನೋದಕ್ಕಾಗಿ ಗೋಪಾಲನಾಥರ ಒಂದು ಮುದ್ರಿಕೆಯನ್ನು ಕೊಟ್ಟರಂತೆ. ಆ ವಿನೋದವೇ ಮುಂದೆ ಗಂಭೀರ ಅಭ್ಯಾಸಕ್ಕೆ ಕಾರಣವಾಗಿ, ೨೦೦೮ರಲ್ಲಿ ಇಬ್ಬರೂ ಕೂಡಿ 'ಕಿನ್ಸ್‌ಮನ್' ಎಂಬ ಮುದ್ರಿಕೆಯನ್ನು ಹೊರತಂದರು. ೨೦೧೯ರ ಅಕ್ಟೋಬರ್ ೧೧ರಂದು ಗೋಪಾಲನಾಥರು ಮಂಗಳೂರಿನಲ್ಲಿ ನಿಧನರಾದರು. ಕರಾವಳಿಯ ದೇವಸ್ಥಾನ ಮತ್ತು ಮದುವೆಗಳಲ್ಲಿ ಇಂದು ನಾಗಸ್ವರದ ಎಡೆಯಲ್ಲಿ ಸ್ಯಾಕ್ಸೋಫೋನು ಕೇಳಿಬರುತ್ತಿದೆ. ಸ್ತ್ರೀಯರೂ ಅದನ್ನು ನುಡಿಸುತ್ತಿದ್ದಾರೆ. ಪ್ರಯೋಗವು ಒಂದೇ ತಲೆಮಾರಿನಲ್ಲಿ ಸಂಪ್ರದಾಯವಾಯಿತು.

೭. ಸುಳೇಭಾವಿಯ ಸಾಕ್ಷ್ಯ

ಉಸಿರನ್ನು ಇತಿಹಾಸದ ಆಧಾರವಾಗಿ ಬಳಸುವಾಗ ಒಂದು ಎಚ್ಚರಿಕೆ ಅವಶ್ಯ. ಕಲೆಯನ್ನೆಲ್ಲ ಶ್ವಾಸಕೋಶದ ಅಳತೆಯಿಂದಲೇ ವಿವರಿಸುವ ಅಪಾಯವುಂಟು. ಇದನ್ನು ಅರಿಯಲು ಬೆಳಗಾವಿಯ ಮಗ್ಗುಲಲ್ಲಿಯೇ ಉತ್ತಮ ನಿದರ್ಶನವಿದೆ, ವಾದ್ಯದ್ದಲ್ಲ, ಕಂಠದ್ದು. ಬೆಳಗಾವಿಗೆ ಸಮೀಪದ ಸುಳೇಭಾವಿಯಲ್ಲಿ ೧೯೨೪ರ ಏಪ್ರಿಲ್ ೮ರಂದು ಜನಿಸಿದ ಶಿವಪುತ್ರ ಕೊಂಕಾಳಿಮಠರೇ ಕುಮಾರ ಗಂಧರ್ವರು. ಬಾಲಪ್ರತಿಭೆಯಾಗಿ ಹೆಸರಾಗಿ, ಮುಂಬಯಿಯಲ್ಲಿ ಬಿ. ಆರ್. ದೇವಧರರ ಶಿಷ್ಯರಾಗಿದ್ದ ಅವರನ್ನು ಕ್ಷಯರೋಗವು ಹಿಡಿಯಿತು. ೧೯೪೮ರಲ್ಲಿ ಹವೆಗಾಗಿ ಮಾಳವದ ದೇವಾಸಕ್ಕೆ ಹೋದರು. ವರ್ಷಗಳ ಕಾಲ ಹಾಡುವಂತಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಔಷಧದಿಂದ ಜೀವ ಉಳಿಯಿತು. ಒಂದು ಶ್ವಾಸಕೋಶ ಮಾತ್ರ ನಿರುಪಯುಕ್ತವಾಯಿತು. ೧೯೫೩ರಲ್ಲಿ ಮತ್ತೆ ವೇದಿಕೆಗೆ ಬಂದಾಗ ಅವರ ಗಾಯನದಲ್ಲಿ ಚಿಕ್ಕಚಿಕ್ಕ ಸ್ವರಗುಚ್ಛಗಳೂ, ಮಿಂಚಿನಂತೆ ಎದ್ದು ನಿಲ್ಲುವ ತಾನಗಳೂ, ಅವುಗಳ ನಡುವಣ ಮೌನಗಳೂ ವಿಶಿಷ್ಟವಾಗಿ ತೋರಿದವು.

ಈ ಶೈಲಿಗೆ ರೋಗವೇ ಕಾರಣವೆಂದು ಒಂದು ಪಕ್ಷ. ಹಾಸಿಗೆ ಹಿಡಿದ ವರ್ಷಗಳಲ್ಲಿ ಕೇಳಿದ ಮಾಳವದ ಜಾನಪದ ಗೀತಗಳೂ, ಘರಾಣೆಗಳ ಕಟ್ಟನ್ನು ಪ್ರಶ್ನಿಸಿದ ಬುದ್ಧಿಯೂ ಕಾರಣವೆಂದು ಇನ್ನೊಂದು ಪಕ್ಷ. ಎರಡನ್ನೂ ಬೇರ್ಪಡಿಸುವುದು ಯುಕ್ತವಲ್ಲ. ಕಲ್ಲು ಶಿಲ್ಪಿಯ ಕಲ್ಪನೆಗೆ ಕಾರಣವಾಗುವುದಿಲ್ಲ. ಆದರೆ ಬಳಪದ ಕಲ್ಲಿನಲ್ಲಿ ಬಿಡಿಸಿದ ಕುಸುರಿ ಕಗ್ಗಲ್ಲಿನಲ್ಲಿ ಬಾರದು. ಉಸಿರೂ ಹಾಗೆಯೇ ಕಲಾವಿದನ ದ್ರವ್ಯ. ಆ ದ್ರವ್ಯದ ಗುಣವನ್ನರಿತು ಅದರಿಂದ ಏನನ್ನು ಮಾಡಿದನೆಂಬುದು ಅವನ ಕರ್ತೃತ್ವ.

೮. ಉಪಸಂಹಾರ

ಈವರೆಗೆ ಹೇಳಿದುದನ್ನು ಒಟ್ಟುಗೂಡಿಸಿದರೆ ಒಂದು ಅಸಮತೆ ಕಣ್ಣಿಗೆ ಕಟ್ಟುತ್ತದೆ. ಪಾರ್ಕರ್ ಅವರ ಉಸಿರಾಟವನ್ನು ಕುರಿತು ವಿಮರ್ಶಕರು ಬರೆದರು. ಗೋಪಾಲನಾಥರ ಸಾಧನೆಯನ್ನು ಸರ್ಕಾರ ಗೌರವಿಸಿತು. ಕುಮಾರ ಗಂಧರ್ವರ ಶ್ವಾಸಕೋಶವು ಸಂಗೀತವಿಮರ್ಶೆಯ ಚರ್ಚಾವಿಷಯವಾಯಿತು. ಇವೆಲ್ಲ ಯೋಗ್ಯವಾದುದೇ. ಆದರೆ ಅದೇ ಎಡೆಬಿಡದ ಊದುವಿಕೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಸನಾದಿಯ ಮನೆತನಗಳ ಉಸಿರು, ಪಂಚಮಹಾಶಬ್ದದ ಕೊಂಬಿನವನ ಉಸಿರಿನಂತೆಯೇ, ಬರೆಹದ ಹೊರಗೆ ನಿಂತಿದೆ. ೧೯೭೭ರಲ್ಲಿ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯನ್ನಾಧರಿಸಿ ಬಂದ 'ಸನಾದಿ ಅಪ್ಪಣ್ಣ' ಚಿತ್ರವು ಇಂತಹ ವಾದಕನೊಬ್ಬನನ್ನು ನಾಯಕನನ್ನಾಗಿ ಮಾಡಿತು. ಅದಕ್ಕೆ ಶಹನಾಯಿ ನುಡಿಸಿದವರು ಬಿಸ್ಮಿಲ್ಲಾ ಖಾನರು. ಚಲನಚಿತ್ರ ಮಾಡಿದಷ್ಟನ್ನಾದರೂ ಇತಿಹಾಸವು ಮಾಡಬೇಡವೇ?

ಅಂತಹ ಕೆಲಸ ಅಸಾಧ್ಯವೇನಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ರೈಲಿನಲ್ಲಿ ಒಂದು ಗಂಟೆಯೂ ಹಿಡಿಯದು; ಹಲಸಿ, ನಂದಗಡ, ಕಣಕುಂಬಿಗಳ ಶಾಸನ ದೇವಾಲಯಗಳನ್ನು ನೋಡಲು ನಮ್ಮ ವಿದ್ಯಾರ್ಥಿಗಳು ಹೋಗಿಯೇ ಹೋಗುತ್ತಾರೆ. ಅದೇ ಪ್ರವಾಸದಲ್ಲಿ ಜಾತ್ರೆಯ ವಾದ್ಯದವರನ್ನೂ ಬ್ಯಾಂಡಿನವರನ್ನೂ ಕಂಡು ಮಾತನಾಡಿಸಬಹುದು. ಎಷ್ಟನೆಯ ವಯಸ್ಸಿನಲ್ಲಿ ಊದಲು ಕಲಿತರು, ಮೂಗಿನಿಂದ ಉಸಿರೆಳೆಯುವ ಅಭ್ಯಾಸವನ್ನು ಹಿರಿಯರು ಹೇಗೆ ಮಾಡಿಸಿದರು, ರೀಡನ್ನು ಯಾರು ಕಟ್ಟಿದರು, ಒಂದು ಮದುವೆಯಲ್ಲಿ ಎಷ್ಟು ಹೊತ್ತು ನಿಂತರು, ಕೂಲಿಯೆಷ್ಟು, ಹಲ್ಲು ಬಿದ್ದ ಮೇಲೆ ಏನು ಮಾಡಿದರು, ಮಕ್ಕಳು ಕಸುಬನ್ನು ಹಿಡಿದರೋ ಬಿಟ್ಟರೋ ಎಂಬ ಪ್ರಶ್ನೆಗಳು ಸಾಮಾನ್ಯವಾಗಿ ತೋರಬಹುದು. ಶಾಸನದಲ್ಲಿ ಅರಸನ ಬಿರುದನ್ನು ಓದುವ ಶ್ರದ್ಧೆಯಿಂದಲೇ ಈ ಉತ್ತರಗಳನ್ನೂ ಬರೆದಿಟ್ಟುಕೊಂಡರೆ ಅವು ನಾಳಿನ ಇತಿಹಾಸಕಾರನಿಗೆ ಆಧಾರಗಳಾಗುತ್ತವೆ.

ಶಾಸನದ ಕಲ್ಲು ಇನ್ನೂ ನೂರು ವರ್ಷ ಕಾಯಬಲ್ಲದು. ಉಸಿರು ಕಾಯಲಾರದು. ವಾದಕನೊಡನೆ ಹುಟ್ಟಿ ವಾದಕನೊಡನೆ ಮುಗಿಯುವ ಈ ವಿದ್ಯೆಯನ್ನು ದಾಖಲಿಸುವ ಹೊಣೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಆದ ನಮ್ಮೆಲ್ಲರದು.